ಡ್ರೈವರ್ ಮಾಡಿದ ತಪ್ಪಿಗೆ ನನ್ನ ಪಿಕಪ್ ಹೋಗುತ್ತಾ?

ಪ್ರಶ್ನೆ: ಯಜಮಾನರು ತೀರಿಕೊಂಡ ಮೇಲೆ ಸೊಸೈಟಿ ಸಾಲದಲ್ಲಿ ಪಿಕಪ್ ತೆಗೆದುಕೊಂಡೆ. ಅಡಿಕೆ ಬಾಡಿಗೆಗೆಂದು ಊರಿನ ಡ್ರೈವರ್ ಕೈಗೆ ಕೊಟ್ಟಿದ್ದೆ. ರಾತ್ರಿ ಅದರಲ್ಲಿ ಸಾಗುವಾನಿ ತುಂಡು ಸಿಕ್ಕಿತೆಂದು ಅರಣ್ಯ ಇಲಾಖೆಯವರು ಗಾಡಿ ಹಿಡಿದಿದ್ದಾರೆ. ಕೇಸು ಡ್ರೈವರ್ ಮೇಲೆ. ನೋಟಿಸ್ ಮಾತ್ರ ನನಗೂ ಬಂದಿದೆ. ಕೇಸು ಮುಗಿಯುವವರೆಗೆ ಸುಮ್ನೆ ಕಾಯಬೇಕಾ? ಅಮೆರಿಕದಲ್ಲಿರುವ ತಮ್ಮ ‘ಇಲ್ಲೂ ಹೀಗೇ’ ಎನ್ನುತ್ತಾನೆ.
– ಹೆಸರು ಬೇಡ, ಸಿರ್ಸಿ ತಾಲೂಕು

ಉತ್ತರ: ಕಾಯಬೇಡಿ ಅಕ್ಕಾ. ಡ್ರೈವರ್ ಕೇಸು ಬೇರೆ, ಗಾಡಿಯ ವಿಚಾರ ಬೇರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 71ಎ ಕಲಂ ಪ್ರಕಾರ ಗಾಡಿ ಮುಟ್ಟುಗೋಲು ಹಾಕುವುದು ನ್ಯಾಯಾಧೀಶರಲ್ಲ, ಇಲಾಖೆಯ ಅಧಿಕೃತ ಅಧಿಕಾರಿ. ಡ್ರೈವರ್‌ಗೆ ಶಿಕ್ಷೆ ಆಗುವವರೆಗೆ ಅವರು ಕಾಯಬೇಕಿಲ್ಲ. ನೀವು ಉತ್ತರ ಕೊಡದೆ ಕೂತರೆ ಆದೇಶ ಆಗಿಬಿಡುತ್ತದೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ.

‘ನಂಗೆ ಗೊತ್ತಿರಲಿಲ್ಲ’ ಅಂದರೂ ಸಾಲದು. ಮಾಲೀಕರು, ಅವರ ಏಜೆಂಟರು, ಗಾಡಿ ಯಾರ ವಶದಲ್ಲಿತ್ತೋ ಅವರು, ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಎಚ್ಚರ ವಹಿಸಿದ್ದರು ಎಂದು ನೀವೇ ಸಾಬೀತು ಮಾಡಬೇಕು. ಡ್ರೈವರೇ ತುಂಬಿಸಿದ್ದರೆ ಇದು ಕಷ್ಟ. ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಮ್ಮ ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂತು ಕಟ್ಟುವ ಹೆಂಗಸು ರಾತ್ರಿಯೆಲ್ಲ ಗಾಡಿ ಕಾಯಲು ಆಗುತ್ತಾ?

ಡ್ರೈವರ್ ಜೊತೆಗಿನ ಕರಾರು, ಬಾಡಿಗೆ ರಸೀದಿ, ಸಾಲದ ಪಾಸ್‌ಬುಕ್, ಆ ರಾತ್ರಿ ಗಾಡಿ ಎಲ್ಲಿರಬೇಕಿತ್ತು ಎಂದು ತೋರಿಸುವ ಫೋನ್ ಮೆಸೇಜು, ಎಲ್ಲವನ್ನೂ ಲಿಖಿತ ಉತ್ತರದ ಜೊತೆ ಕೊಡಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ನಮ್ಮ ಮಳೆಗೆ ನಿಂತ ಗಾಡಿ ಹಾಳಾಗುತ್ತದೆ, ಹಾಗಾಗಿ ತಾತ್ಕಾಲಿಕ ಬಿಡುಗಡೆಯನ್ನೂ ಕೇಳಿ. ಅದಕ್ಕೆ ಬ್ಯಾಂಕ್ ಗ್ಯಾರಂಟಿ ಬೇಕು. 2000ದಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹಾಗೆ ಹೇಳಿದೆ.

ತಮ್ಮ ಹೇಳಿದ್ದು ನಿಜ. ಅಲಬಾಮಾದಲ್ಲಿ ತಾಯಿಯೊಬ್ಬರ ಕಾರನ್ನು ಮಗ ಓಡಿಸುತ್ತಿದ್ದಾಗ ಗಾಂಜಾ ಸಿಕ್ಕಿ ಪೊಲೀಸರು ಕಾರು ಹಿಡಿದರು. ಅವರ ತಪ್ಪಿಲ್ಲವೆಂದು ಕಾರು ವಾಪಸ್ ಸಿಗಲು ಒಂದೂವರೆ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಮುಟ್ಟುಗೋಲಿನ ವಿಚಾರಣೆ ಸಕಾಲಕ್ಕೆ ನಡೆದರೆ ಸಾಕು, ಅದಕ್ಕೂ ಮೊದಲು ಬೇರೆ ವಿಚಾರಣೆ ಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಬಡವರ ಪಾಲಿಗೆ ಆ ತಡವೇ ಶಿಕ್ಷೆ ಅಲ್ವಾ?

ಆದೇಶ ನಿಮ್ಮ ವಿರುದ್ಧ ಬಂದರೆ, ಅದು ತಲುಪಿದ 30 ದಿನದೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಆದೇಶ ಬಂದ ಲಕೋಟೆಯನ್ನು ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ.