ಪೆನ್ಸಿಲಿನಲ್ಲಿ ಬರೆದು ಅಳಿಸಿದ ಲೆಕ್ಕ

ಓದುಗರೊಬ್ಬರ ಪತ್ರ ಬಂದಿದೆ. ಹೆಸರು, ಊರು ಬಿಟ್ಟು ಅದರ ಸಾರ ಮಾತ್ರ ಇಲ್ಲಿ ಕೊಡುತ್ತಿದ್ದೇನೆ:

“ಮದುವೆಯಾಗಿ 14 ವರ್ಷ. ಡಿ.ಎಡ್ ಮಾಡಿದ್ದೆ. ಮಗಳು ಹುಟ್ಟಿದ ಮೇಲೆ ಶಾಲೆ ಕೆಲಸ ಬಿಡಿಸಿದರು. ನಮ್ಮ ಯಜಮಾನರಿಗೆ ಹಾರ್ಡ್‌ವೇರ್ ಅಂಗಡಿ ಇದೆ, ತೆಂಗಿನ ತೋಟ ಇದೆ. ಒಂದೂವರೆ ವರ್ಷದಿಂದ ನಾನು, 12 ವರ್ಷದ ಮಗಳು ತವರಿನಲ್ಲಿದ್ದೇವೆ. ಟ್ಯೂಷನ್ ಹೇಳಿ ತಿಂಗಳಿಗೆ 6,000 ರೂಪಾಯಿ ಬರುತ್ತದೆ. ಈಗ ಹಿರಿಯರನ್ನು ಕೂರಿಸಿಕೊಂಡು, 4 ಲಕ್ಷ ತಗೊಂಡು ಬಾಂಡ್ ಪೇಪರಿಗೆ ಸಹಿ ಹಾಕು, ಮುಂದೆ ನಿನಗಾಗಲಿ ಮಗಳಿಗಾಗಲಿ ಏನೂ ಕೇಳಬಾರದು ಅನ್ನುತ್ತಿದ್ದಾರೆ. ದುಡಿಯುವ ಹೆಂಗಸಿಗೆ ಜೀವನಾಂಶ ಸಿಗುವುದೇ ಇಲ್ಲವಂತೆ, ನಿಜವೇ? ನಾವು ಬೇಡ ಅಂದವರ ಹತ್ತಿರ ದುಡ್ಡು ಕೇಳೋದು ಭಿಕ್ಷೆ ಬೇಡಿದ ಹಾಗಲ್ವಾ?”

ಪ್ರೀತಿಯ ಸಹೋದರಿ,

ಮೊದಲು ಬಾಂಡ್ ಪೇಪರಿನ ವಿಷಯ. ಅದಕ್ಕೆ ಸಹಿ ಹಾಕಬೇಡಿ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮೊಹರು ಒತ್ತಿಸಿದರೆ ಡೈವರ್ಸ್ ಆಗುವುದಿಲ್ಲ. ರೂಢಿಯಲ್ಲೇ ವಿಚ್ಛೇದನ ಇರುವ ಕೆಲವು ಸಮುದಾಯಗಳ ಮಾತು ಬೇರೆ. ಅಲ್ಲೂ ಆ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಹಿರಿಯರು ಒಳ್ಳೆಯವರೇ ಇರಬಹುದು. ಆದರೆ ಮದುವೆ ಮುರಿಯುವ ಅಧಿಕಾರ ಅವರಿಗಿಲ್ಲ. ಇನ್ನು ಮಗಳ ಪಾಲನ್ನು ಬಿಟ್ಟುಕೊಡುವ ಹಕ್ಕು ನಿಮಗೂ ಇಲ್ಲ. ಮಗುವಿನ ಖರ್ಚು ಮಗುವಿನ ಹಕ್ಕು. ನೀವು ಬರೆದುಕೊಟ್ಟರೂ ಅದು ಮುಗಿದುಹೋಗುವುದಿಲ್ಲ.

ದುಡಿಯುವ ಹೆಂಗಸಿಗೆ ಸಿಗುವುದಿಲ್ಲ ಅನ್ನೋದು ಊರಿನ ಮಾತು. ದುಡಿಯುವ ಶಕ್ತಿ ಇರುವುದು ಬೇರೆ, ನಿಜಕ್ಕೂ ಎಷ್ಟು ದುಡಿಯುತ್ತಾರೆ ಅನ್ನುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ನಿಮ್ಮ 6,000ವನ್ನು ಕೋರ್ಟ್ ಲೆಕ್ಕಕ್ಕೆ ಹಿಡಿಯುತ್ತದೆ, ಖಂಡಿತ. ಅದನ್ನು ಮುಚ್ಚಿಡಬೇಡಿ. ಆದರೆ ಅದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಮದುವೆ ಎಷ್ಟು ವರ್ಷದ್ದು, ಆ ಮನೆಯಲ್ಲಿ ನಿಮ್ಮ ಜೀವನ ಹೇಗಿತ್ತು, ಸಂಸಾರಕ್ಕಾಗಿ ಕೆಲಸ ಬಿಟ್ಟಿರಾ, ಇವನ್ನೆಲ್ಲ ನೋಡುತ್ತಾರೆ.

ಈಗ ನಿಮ್ಮ ಕಾಗದದ ಹಿಂಬದಿಗೆ ಬರುತ್ತೇನೆ. ಅಲ್ಲಿ ಪೆನ್ಸಿಲಿನಲ್ಲಿ ಏನೋ ಕೂಡಿ, ಅಳಿಸಿದ್ದೀರಿ. ಕಿಟಕಿ ಹತ್ತಿರ ಹಿಡಿದರೆ ಕಾಣುತ್ತದೆ: ಹಾಲು, ಗ್ಯಾಸ್, ಮಗಳ ಬಸ್ ಪಾಸ್, ಸ್ಕೂಲ್ ಫೀಸಿನ ಕಂತು, ಅಮ್ಮನ ಬಿಪಿ ಮಾತ್ರೆ. ಕೆಳಗೆ ಗೆರೆ ಎಳೆದು 11,400. ನಾಚಿಕೆಯಾಗಿ ಅಳಿಸಿರಬೇಕು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ತಿಂಗಳಿಗೆ 5,400 ಕಡಿಮೆ ಬೀಳುತ್ತಿದೆ. 4 ಲಕ್ಷವನ್ನು ಶೇಕಡಾ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 28,000, ತಿಂಗಳಿಗೆ 2,333 ರೂಪಾಯಿ. ಸಾಲುವುದಿಲ್ಲ. ಬಡ್ಡಿಗೆ ಇಡದೆ ಗಂಟಿನಿಂದಲೇ ತೆಗೆಯುತ್ತಾ ಹೋದರೆ ಮಗಳು ಪಿಯುಸಿ ಮುಗಿಸುವ ಹೊತ್ತಿಗೆ ಹೆಚ್ಚುಕಡಿಮೆ ಖಾಲಿ. ಕಾಲೇಜು, ಕಾಯಿಲೆ, ಬೆಲೆ ಏರಿಕೆ ಯಾವುದನ್ನೂ ನಾನಿಲ್ಲಿ ಸೇರಿಸಿಲ್ಲ.

ನಿಮ್ಮ ಲೆಕ್ಕ ಗೊತ್ತಾಯಿತು. ಅವರದ್ದು? “ಅಂಗಡೀಲಿ ಏನೂ ಉಳಿಯಲ್ಲ” ಅನ್ನುವುದು ಅಂಗಡಿ ಇಟ್ಟವರೆಲ್ಲ ಹೇಳುವ ಮಾತೇ. ಅದಕ್ಕೇ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಪ್ರಕರಣದ ತೀರ್ಪಿನಲ್ಲಿ ಒಂದು ಪದ್ಧತಿ ಹಾಕಿತು. ಗಂಡ ಹೆಂಡತಿ ಇಬ್ಬರೂ ಆದಾಯ, ಖರ್ಚು, ಆಸ್ತಿ, ಸಾಲ ಎಲ್ಲವನ್ನೂ ಬರೆದು ಅಫಿಡವಿಟ್ ಕೊಡಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಕಾಗದ ಜೊತೆಗಿಡಬೇಕು. ಸುಳ್ಳು ಬರೆದರೆ ಅದಕ್ಕೇ ಬೇರೆ ಕ್ರಮ ಆಗಬಹುದು. ನಿಮ್ಮ ಕೈಲಾದ ಕಾಗದ ನೀವೂ ಸೇರಿಸಿ. ಸರ್ವೆ ನಂಬರ್ ಗೊತ್ತಿದ್ದರೆ ತೋಟದ ಪಹಣಿ ಯಾರು ಬೇಕಾದರೂ ತೆಗೆಸಬಹುದು. ಅಂಗಡಿಯ ಬೋರ್ಡಿನ ಫೋಟೋ, ಜಿಎಸ್‌ಟಿ ನಂಬರ್ ಇರುವ ಒಂದು ಬಿಲ್, ಗಾಡಿ ನಂಬರ್, ಹಿಂದೆ ಅವರು ಫೀಸು ಕಟ್ಟಿದ ರಸೀದಿ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ತೋಟ ಮಾವನ ಹೆಸರಿನಲ್ಲಿದೆ ಅಂದರೂ ಅದು ಪಿತ್ರಾರ್ಜಿತವೇ ಎಂದು ವಕೀಲರ ಹತ್ತಿರ ಕೇಳಿ.

ಜೀವನಾಂಶದಲ್ಲೂ ಎರಡಿದೆ. ಕೇಸು ನಡೆಯುವಾಗ ಸಿಗುವುದು ಮಧ್ಯಂತರ ಜೀವನಾಂಶ, ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್. ತೀರ್ಪಿನ ಜೊತೆ ಸಿಗುವುದು ಶಾಶ್ವತ ಜೀವನಾಂಶ, 25ನೇ ಸೆಕ್ಷನ್. ಡೈವರ್ಸ್ ಬೇಡ, ಸದ್ಯಕ್ಕೆ ಖರ್ಚಿಗೆ ಸಿಕ್ಕರೆ ಸಾಕು ಅನ್ನುವವರಿಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ ಇತ್ತಲ್ಲ, 2024ರ ಜುಲೈನಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ವಿಚ್ಛೇದಿತ ಮುಸ್ಲಿಂ ಹೆಂಗಸರೂ 125ರಡಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಅದೇ ಜುಲೈನಲ್ಲಿ ಹೇಳಿತು. ಅರ್ಜಿಯನ್ನು ನಿಮ್ಮ ತವರಿನ ಕಡೆಯ ಕೋರ್ಟಿನಲ್ಲೇ ಹಾಕಬಹುದು, ಅವರ ಊರಿಗೆ ಅಲೆಯಬೇಕಿಲ್ಲ. ಇನ್ನೊಂದು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಆದೇಶ ಯಾವಾಗಲೇ ಬರಲಿ. ಅಂದರೆ ನೀವು ಯೋಚಿಸುತ್ತಾ ಕೂತ ಈ ಒಂದೂವರೆ ವರ್ಷ ಹೋಯಿತು. ಬೇಜಾರಿನ ಸಂಗತಿ, ಆದರೂ ಹೇಳಲೇಬೇಕು.

ಎಷ್ಟು ಸಿಗುತ್ತದೆ? ಸಂಬಳದ ಕಾಲು ಭಾಗ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. 2017ರ ಒಂದು ಪ್ರಕರಣದಲ್ಲಿ ಗಂಡನ ನಿವ್ವಳ ಸಂಬಳದ ಶೇಕಡಾ 25 ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಕಾನೂನಿನಲ್ಲಿ ಅಂಥ ಅಳತೆಗೋಲು ಇಲ್ಲ. ಹಾಗೆಯೇ, ಗಂಡನಷ್ಟೇ ಶ್ರೀಮಂತಳಾಗಲು ಜೀವನಾಂಶ ದಾರಿಯಲ್ಲ ಎಂದೂ 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಹೇಳಿದೆ. ಇನ್ನು, 24 ಮತ್ತು 25ನೇ ಸೆಕ್ಷನ್‌ಗಳಲ್ಲಿ ಇರುವುದು “ಗಂಡ ಅಥವಾ ಹೆಂಡತಿ”. ಗತಿಯಿಲ್ಲದ ಗಂಡ ದುಡಿಯುವ ಹೆಂಡತಿಯಿಂದ ಕೇಳಬಹುದು. ಈ ಪುಟ ಓದಿ ಸಿಟ್ಟಾಗುವ ಗಂಡಸರಿಗಾಗಿ ಈ ಮಾತು.

ಒಪ್ಪಿಗೆಯಿಂದಲೇ ಬೇರೆಯಾಗಬೇಕು ಅಂತ ಇಬ್ಬರಿಗೂ ಅನಿಸಿದರೆ ಅದೂ ಒಳ್ಳೆಯದೇ. ಆದರೆ ಅದು ಫ್ಯಾಮಿಲಿ ಕೋರ್ಟಿನಲ್ಲಿ, ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿ ಆಗಬೇಕು. ಒಟ್ಟಾಗಿ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳ ಕಾಯುವಿಕೆ ಇರುತ್ತದೆ. ತಕ್ಕ ಕಾರಣವಿದ್ದರೆ ಕೋರ್ಟ್ ಅದನ್ನು ಮನ್ನಾ ಮಾಡಬಹುದು. ಕೊನೆಯ ಆದೇಶ ಆಗುವವರೆಗೂ ನಿಮ್ಮ ಒಪ್ಪಿಗೆ ವಾಪಸ್ ತಗೊಳ್ಳಬಹುದು. ಇಡೀ ಮೊತ್ತ ಒಂದೇ ಸಲ ಬೇಕೋ, ತಿಂಗಳಿಗಿಷ್ಟು ಬೇಕೋ? ನನ್ನನ್ನು ಕೇಳಿದರೆ, ಕೊಡುವವರ ಕೈ ಬಿಗಿಯಾಗಿದ್ದರೆ ಒಂದೇ ಸಲದ್ದು ಮೇಲು. ತಿಂಗಳ ದುಡ್ಡಿಗಾಗಿ ಅಮಲ್ಜಾರಿ ಅರ್ಜಿ (ಕೋರ್ಟಿನ ಆದೇಶ ಜಾರಿ ಮಾಡಿಸಿ ಎಂದು ಕೇಳುವ ಅರ್ಜಿ) ಹಾಕಿ ಹಾಕಿ ಸುಸ್ತಾದವರನ್ನು ನೋಡಿದ್ದೇನೆ. 144ರ ಬಾಕಿಯನ್ನಂತೂ ಒಂದು ವರ್ಷದೊಳಗೆ ಕೇಳಬೇಕು. ಒಂದೇ ಸಲದ್ದಾದರೆ ಕೊನೆಯ ವಾಯಿದೆಯ ದಿನ ನ್ಯಾಯಾಧೀಶರ ಎದುರು ಡಿಡಿ ಕೈಗೆ ಬರಲಿ. ಮಗಳದ್ದು ಬೇರೆಯೇ ಬರೆಸಿ. ತವರಿನವರು ಹಾಕಿದ ಒಡವೆ ಸ್ತ್ರೀಧನ, ಅಂದರೆ ನಿಮ್ಮದೇ ಸ್ವಂತ ಆಸ್ತಿ, ಅದನ್ನು ಈ ಲೆಕ್ಕದಲ್ಲಿ ಕಲಸಲು ಬಿಡಬೇಡಿ.

ಭಿಕ್ಷೆ ಅಂದಿರಲ್ಲ, ಅದನ್ನು ಓದಿ ನನಗೆ ಸಂಕಟವಾಯಿತು. ಹನ್ನೆರಡು ವರ್ಷ ಶಾಲೆಯಲ್ಲಿದ್ದಿದ್ದರೆ ನಿಮ್ಮ ಸಂಬಳ ಇವತ್ತು ಎಷ್ಟಾಗಿರುತ್ತಿತ್ತು? ಆ ವರ್ಷಗಳಲ್ಲಿ ಅಂಗಡಿಯವರಿಗೆ ಹೊತ್ತಿಗೆ ಸರಿಯಾಗಿ ಊಟ ಹೋಗುತ್ತಿತ್ತು, ಮಗಳ ಹೋಂವರ್ಕ್ ಆಗುತ್ತಿತ್ತು. ಅದನ್ನು ಯಾರೂ ಖಾತೆಯಲ್ಲಿ ಬರೆದಿಡಲಿಲ್ಲ, ಅಷ್ಟೆ.

ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಇಲ್ಲವಾದರೆ 15100ಕ್ಕೆ ಫೋನ್ ಮಾಡಿ. ಹೋಗುವಾಗ ಮದುವೆ ಫೋಟೋ, ಲಗ್ನಪತ್ರಿಕೆ, ಆಧಾರ್, ಪಾಸ್‌ಬುಕ್ ಒಯ್ಯಿರಿ. ಆ 11,400ರ ಲೆಕ್ಕವನ್ನು ಈ ಸಲ ಪೆನ್ನಿನಲ್ಲಿ ಬರೆಯಿರಿ. ಅಮ್ಮನ ಮಾತ್ರೆಯನ್ನು ಬೇರೆ ಸಾಲಿನಲ್ಲಿ ಹಾಕಿ, ನಿಮ್ಮ ಯಜಮಾನರ ವಕೀಲರು ಮೊದಲು ಕೇಳುವುದೇ ಅದನ್ನು.

– ಸಂಪಾದಕ