ಒಬ್ಬರು ಕೇಳಿದ್ದು: ಮನೆಯ ಸರ್ವರ್‌ನಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಕಂಪ್ಯೂಟರ್‌ನೊಳಗೆ ಹಲವು ವರ್ಚುವಲ್ ಮಷಿನ್ ನಡೆಸುವ ಸಾಫ್ಟ್‌ವೇರ್) 8ರಿಂದ 9ಕ್ಕೆ ಹೋದೆ. ವೇಗ ಜಾಸ್ತಿ ಆಗಲಿಲ್ಲ, ಇದ್ದ ನೆಟ್‌ವರ್ಕೂ ಹೋಯಿತು. ಬೇರೆ ಸಾಫ್ಟ್‌ವೇರ್ ಹಾಕಿಬಿಡಲಾ?

ಬೇಡ. ಬೇರೆ ಹಾಕಿದರೂ ಒಳಗೆ ಲಿನಕ್ಸ್ ಇದ್ದರೆ ಇದೇ ತೊಂದರೆ ಮತ್ತೆ ಬರಬಹುದು. ನನಗೆ 2024ರ ಮಳೆಗಾಲದಲ್ಲಿ, 7ರಿಂದ 8ಕ್ಕೆ ಹೋಗುವಾಗ ಹೀಗೇ ಆಗಿತ್ತು.

ಸರ್ವರ್ ಇರುವುದು ಶಿರಸಿಯ ಮನೆಯಲ್ಲಿ. ನಾನು ಕೆಲಸಕ್ಕೆಂದು ಕಾರವಾರದಲ್ಲಿ. ಜುಲೈಗೆ 7ರ ಸಪೋರ್ಟ್ ಮುಗಿಯುತ್ತದೆ ಎಂದು ಕಾರವಾರದಲ್ಲೇ ಕೂತು ಅಪ್‌ಗ್ರೇಡ್ ಮಾಡಿದೆ. ಚೆಕ್ ಮಾಡುವ ಸ್ಕ್ರಿಪ್ಟ್ ರನ್ ಮಾಡಿದ್ದೆ, ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿತ್ತು. ರೀಬೂಟ್ ಕೊಟ್ಟೆ. ಸರ್ವರ್ ಮತ್ತೆ ಸಿಗಲೇ ಇಲ್ಲ.

ನೆಟ್‌ವರ್ಕ್ ಕಾರ್ಡ್ ಯಾವ ಸ್ಲಾಟ್‌ನಲ್ಲಿದೆ, ಡ್ರೈವರ್ ಅದರ ಬಗ್ಗೆ ಏನು ಹೇಳುತ್ತದೆ ಎಂದು ನೋಡಿ ಲಿನಕ್ಸ್ ಅದಕ್ಕೆ ಹೆಸರಿಡುತ್ತದೆ. ಅಪ್‌ಗ್ರೇಡ್‌ನಲ್ಲಿ ಬಂದ ಹೊಸ ಕರ್ನಲ್‌ನ (ಲಿನಕ್ಸ್‌ನ ತಿರುಳು) ಡ್ರೈವರ್ ಒಂದು ವಿವರ ಜಾಸ್ತಿ ಹೇಳಿತು, ಹೆಸರಿನ ಕೊನೆಗೆ ‘ಎನ್‌ಪಿ0’ ಸೇರಿಕೊಂಡಿತು. ವರ್ಚುವಲ್ ಮಷಿನ್‌ಗಳನ್ನು ಕಾರ್ಡ್‌ಗೆ ಜೋಡಿಸುವ ಬ್ರಿಡ್ಜ್‌ನ ಸೆಟ್ಟಿಂಗ್‌ನಲ್ಲಿ ಇದ್ದದ್ದು ಹಳೇ ಹೆಸರು. ಆ ಹೆಸರಿನ ಕಾರ್ಡೇ ಈಗ ಇಲ್ಲವಲ್ಲ! ವರ್ಚುವಲ್ ಮಷಿನ್‌ಗಳೆಲ್ಲ ಒಳಗೆ ಸರಿಯಾಗೇ ನಡೆಯುತ್ತಿದ್ದವು, ಹೊರಗಿನಿಂದ ಒಂದೂ ಕಾಣುತ್ತಿರಲಿಲ್ಲ. ಹೆಸರು ಬದಲಾದರೂ ಕಾರ್ಡ್‌ನ ಮ್ಯಾಕ್ ಅಡ್ರೆಸ್ (ಕಾರ್ಡ್‌ನ ಗುರುತಿನ ಸಂಖ್ಯೆ) ಬದಲಾಗುವುದಿಲ್ಲ. ಆ ಅಡ್ರೆಸ್‌ಗೆ ಒಂದು ಖಾಯಂ ಹೆಸರು ಕೊಡಲು ನಾಲ್ಕು ಸಾಲಿನ ಲಿಂಕ್ ಫೈಲ್ ಸಾಕು. ರೀಬೂಟ್‌ಗೆ ಮುಂಚೆ ಅದನ್ನು ಬರೆದಿಡಬೇಕಿತ್ತು. ನಾನು ಬರೆದಿರಲಿಲ್ಲ. ಮಿಕ್ಕ ಎಲ್ಲವನ್ನೂ ಸರಿಯಾಗಿ ಮಾಡಿಯೂ ಇದೊಂದರಿಂದ ಕೆಟ್ಟಿತು.

ಮನೆಯ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವುದು) ಕೂಡ ಅದೇ ಸರ್ವರ್‌ನೊಳಗಿನ ಪೈ-ಹೋಲ್ ಎಂಬ ಸಾಫ್ಟ್‌ವೇರ್. ಸ್ವಲ್ಪ ಹೊತ್ತಿಗೆ ಅಪ್ಪನ ಫೋನ್ ಬಂತು: “ತಮಾ, ನೆಟ್ ಬತ್ತಿಲ್ಲೆ.” ಅಡಿಕೆ ದರ ನೋಡುವುದಕ್ಕೂ ಇಲ್ಲದಂತಾಯಿತು. ಕುಮಟಾಕ್ಕೆ ಬಂದು, ಆ ಮಳೆಯಲ್ಲಿ ದೇವಿಮನೆ ಘಟ್ಟ ಹತ್ತಿ, ಮನೆಗೆ ಹೋಗಿ ಮಾನಿಟರ್ ಸಿಕ್ಕಿಸಿ ತಿದ್ದಿದ್ದು ಒಂದೇ ಒಂದು ಪದ.

ಇನ್ನು ವೇಗದ ಮಾತು. ಅದನ್ನು ನಿರೀಕ್ಷಿಸಿದ್ದೇ ಸರಿಯಲ್ಲ ಅನ್ನುತ್ತೇನೆ. ವರ್ಚುವಲ್ ಮಷಿನ್‌ಗಳನ್ನು ನಡೆಸುವುದು ಕರ್ನಲ್‌ನೊಳಗಿನ ಕೆವಿಎಂ ಎಂಬ ಭಾಗ, ಅದು 8ರಲ್ಲೂ ಇತ್ತು. ಪ್ರೊಸೆಸರ್ ಹಳೇದೇ ಅಲ್ವಾ? 9ರಲ್ಲಿ ಬಂದಿದ್ದು ಡೆಬಿಯನ್ 13 ಎಂಬ ಲಿನಕ್ಸ್‌ನ ತಳಪಾಯ, ಡಿಸ್ಕ್ ನೋಡಿಕೊಳ್ಳುವ ಝಡ್‌ಎಫ್‌ಎಸ್‌ನ ಹೊಸ ಆವೃತ್ತಿ, ಇಂಥವು. ಮನೆಯಲ್ಲಿ ಸರ್ವರ್ ಇಟ್ಟವರು ಅಪ್‌ಗ್ರೇಡ್ ಮಾಡಬೇಕಾದದ್ದು ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಬಾರದು ಎಂದು ಮಾತ್ರ.

ಈಗ ಮಾನಿಟರ್ ಸಿಕ್ಕಿಸಿ, ‘ಐಪಿ ಲಿಂಕ್’ ಎಂಬ ಕಮಾಂಡ್ ಕೊಟ್ಟು ಕಾರ್ಡ್‌ನ ಹೊಸ ಹೆಸರು ನೋಡಿ, ನೆಟ್‌ವರ್ಕ್ ಸೆಟ್ಟಿಂಗ್ ಇರುವ ಇಂಟರ್‌ಫೇಸಸ್ ಫೈಲ್‌ನಲ್ಲಿ ತಿದ್ದಿ. ಹೆಸರು ಪಿನ್ ಮಾಡುವ (ಖಾಯಂ ಮಾಡುವ) ಟೂಲ್ 9ರಲ್ಲೇ ಇದೆ, ಅದನ್ನೂ ಇವತ್ತೇ ರನ್ ಮಾಡಿ. ರೂಟರ್‌ನಲ್ಲಿ ಎರಡನೇ ಡಿಎನ್‌ಎಸ್ ಒಂದು ಹಾಕಿಡಿ.