ಬಾಲ್ಯದ ಜಿ.ಐ. ಜೋ ಸೈನಿಕ ಗೊಂಬೆಗಳನ್ನು ಮುಂಬೈಯಲ್ಲಿ ಸಂಗ್ರಹಿಸುವುದು ಹೇಗೆ?

ಮೊದಲು ಒಂದೇ ಸರಣಿ ಹಿಡಿದುಕೊಳ್ಳಿ. ಫನ್‌ಸ್ಕೂಲ್ ಆಟಿಕೆ ಕಂಪನಿ ನಮ್ಮ ದೇಶದಲ್ಲೇ ತಯಾರಿಸುತ್ತಿದ್ದ ಜಿ.ಐ. ಜೋ ಬಿಟ್ಟು ನಾನು ಬೇರೇನೂ ಕೊಳ್ಳುವುದಿಲ್ಲ. ಅಮೆರಿಕದಲ್ಲಿ ಹಾಸ್ಬ್ರೋ ಕಂಪನಿ 1982ರಲ್ಲಿ ತಂದ 3.75 ಇಂಚಿನ ಸರಣಿಯದೇ ರೂಪ, ಆದರೆ ಇಲ್ಲಿಯವುಗಳ ಬಣ್ಣ ಎಷ್ಟೋ ಸಲ ಬೇರೆ. ಅದೇ ಅವುಗಳ ಚೆಂದ!

ಹಳೇ ಸಾಮಾನು ಮಾರುವ ಚೋರ್ ಬಜಾರಿನಲ್ಲಿ ಸಿಕ್ಕರೆ ಮುಖ ನೋಡಿ ಮರುಳಾಗದೆ ಹೆಬ್ಬೆರಳು ನೋಡಿ. ಬಂದೂಕು ತುರುಕಿ ತುರುಕಿ ಅದೇ ಮೊದಲು ಮುರಿಯುವುದು, ಆಮೇಲೆ ಅಂಟಿಸಿದರೂ ನಿಲ್ಲುವುದಿಲ್ಲ. ಸೊಂಟ ಸಡಿಲವಾಗಿ ಕಾಲು ಜೋತಾಡುತ್ತಿದ್ದರೆ ಹೆದರಬೇಡಿ. ಒಳಗಿನ ಕಪ್ಪು ರಬ್ಬರ್ ಉಂಗುರ (ಓ-ರಿಂಗ್) ಹಳತಾಗಿರುತ್ತದೆ, ಅಷ್ಟೇ. ಬೆನ್ನಿನ ಸ್ಕ್ರೂ ಬಿಚ್ಚಿ ಅದೇ ಅಳತೆಯ ಓ-ರಿಂಗ್ ಹಾಕಿದರೆ ಗೊಂಬೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಚೌಕಾಸಿಗೂ ಇದೇ ನೆಪ ಸಾಕು.

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಸ್ಕ್ರೂ ತುಕ್ಕು ಹಿಡಿಯದಿರಲೆಂದು ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಬಿಸಿಲು ಬೀಳುವ ಕಿಟಕಿ ಬೇಡವೇ ಬೇಡ, ಬಿಳಿ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಬಂದೂಕು, ಬ್ಯಾಗುಗಳನ್ನು ಆಯಾ ಗೊಂಬೆಯ ಹೆಸರು ಬರೆದ ಜಿಪ್ ಕವರಿನಲ್ಲಿ ಹಾಕಿಡಿ. ಕಳೆದ ಬಿಡಿಭಾಗ ಹುಡುಕುವುದು ಗೊಂಬೆ ಹುಡುಕುವುದಕ್ಕಿಂತ ಕಷ್ಟ.